ಮಡುವಿನ ತಳ ಬಲ್ಲ ಮಾಣಿಕಮ್ಮ ಆಯಿ

ಮಳೆ ಬಂತೆಂದರೆ ಊರೆಲ್ಲ ಮನೆಯೊಳಗೆ ಓಡುತ್ತಿತ್ತು, ಮಾಣಿಕಮ್ಮ ಆಯಿ ಮನೆಯಿಂದ ಹೊರಗೆ ಓಡುತ್ತಿದ್ದಳು. ತಲೆಯ ಮೇಲೆ ಕರಿ ಕಂಬಳಿಯ ಕೊಪ್ಪೆ, ಮೊಣಕಾಲ ಮಟ ಎತ್ತಿ ಕಟ್ಟಿದ ಸೀರೆ, ಕಂಕುಳಲ್ಲಿ ತೊಗರಿ ಕಟ್ಟಿಗೆಯ ಸಣ್ಣ ಹೊರೆ. ಹಾಗೇ ಗುಡ್ಡ ಹತ್ತುವಳು. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ಜೋರು ಹಿಡಿಯುತ್ತದೆ, ಎಲ್ಲಿ ಮಣ್ಣು ಕಿತ್ತುಕೊಂಡು ಹೋಗುತ್ತದೆ, ಎಲ್ಲ ನಿಂತು ನೋಡಿ ಅಲ್ಲಲ್ಲಿ ಒಂದೊಂದು ಕಟ್ಟಿಗೆ ಊರುವಳು. ಕಟ್ಟಿಗೆಯ ತುದಿಗೆ ಉಣ್ಣೆಯ ದಾರ ಕಟ್ಟಿರುತ್ತಿತ್ತು. ಬಿಳಿ ದಾರ ಇದ್ದಲ್ಲಿ ಕಲ್ಲಿನ ಒಡ್ಡು ಹಾಕಬೇಕು. ಕರಿ ದಾರ ಇದ್ದಲ್ಲಿ ಯಾರೂ ಗುದ್ದಲಿ ಮುಟ್ಟಿಸಬಾರದು. ಇಷ್ಟೇ ಅವಳ ನಕ್ಷೆ, ಇಷ್ಟೇ ಅವಳ ಸಾಲಿ.

ಹೋಟೆಲಿನ ತಗಡಿನ ಕೆಳಗೆ ನಿಂತವರು ಕೂಗುತ್ತಿದ್ದರು, "ಮುದಕಿಗಿ ಹುಚ್ಚ ಹಿಡದದ ನೋಡ್ರೋ."

ಅವಳು ಹೊರಳಿ ನೋಡದೆ ಅನ್ನುವಳು, "ಹುಚ್ಚ ನನಗಲ್ಲೋ ಬಾಡ್ಯಾ, ನೀರಿಗಿ ಹಿಡದದ. ಹ್ಯಾಂಗ ಓಡ್ಲತದ ನೋಡು. ಮನಿಗಿ ಬಂದವರಿಗಿ ಕುಂದರ್ರಿ ಅಂತೀರಿಲ್ಲ? ನೀರಿಗೂ ಜರಾ ಕುಂದರು ಅನ್ರಿ."

ನಮ್ಮೂರು ಬೀದರದಿಂದ ಭಾಲ್ಕಿ ಕಡೆ ಹೋಗುವಾಗ ಕೆಂಪು ಗುಡ್ಡ ಇಳಿದ ಮೇಲೆ ಸಿಗುತ್ತದೆ. ಮೇಲೆ ತೂತು ತೂತಿನ ಕೆಂಪು ಕಲ್ಲು, ಕೆಳಗೆ ಕರಿ ಭೂಮಿ. ಎರಡೂ ಕೂಡುವ ಕಡೆ ಬಂಡೆಯ ಬುಡದಲ್ಲಿ ಒಂದು ಝರಾ ಒಸರುತ್ತಿತ್ತು. ಅದರ ಮುಂದೆ ಎಂಟು ಹೆಜ್ಜೆ ಅಗಲದ ಮಡು. ಮಡು ತುಂಬಿ ಹರಿದರೆ ಅದೇ ನರಿ ಹಳ್ಳ. ಊರಿನ ಬಾವಿಗಳು, ಕೆಳಗಿನ ಹೊಲಗಳು, ಆಯಿಯ ಕುರಿ, ನಮ್ಮ ಹೆಣ್ಣುಮಕ್ಕಳ ಬಟ್ಟೆಯ ಗಂಟು, ಎಲ್ಲದಕ್ಕೂ ಆ ಎಂಟು ಹೆಜ್ಜೆಯ ನೀರೇ ಆಸರೆ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಬೀದರದ ಗಾಂಧಿ ಗಂಜ್ ಪೇಟೆಯಲ್ಲಿ ತೊಗರಿ ಚೀಲ ಹೊತ್ತೆ, ಲಾರಿ ತೊಳೆದೆ, ಕೊನೆಗೆ ಜೆಸಿಬಿ ಕಲಿತೆ. ನನ್ನದೇ ಮಷೀನು ಮಾಡಿಕೊಂಡ ದಿನ ನಮ್ಮ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಕೆಲಸದಲ್ಲಿ ನನಗೆ ಯಾರೂ ಬೆರಳು ಮಾಡಿ ತೋರಿಸಿಲ್ಲ. ಗೋಡೆಗೆ ಒಂದು ಗೇಣು ಬಿಟ್ಟು ಅಗಿ ಅಂದರೆ ಬರೋಬರ್ ಒಂದು ಗೇಣು ಬಿಡುತ್ತಿದ್ದೆ. ಆ ಸೊಕ್ಕು ನನಗೆ ಇತ್ತು, ಈಗಲೂ ಸ್ವಲ್ಪ ಇದೆ.

ಆಯಿ ನನಗೆ ಪರಿಚಯವಾದದ್ದು ಜಗಳದಿಂದಲೇ. ಗುಡ್ಡದ ನೆತ್ತಿಯಲ್ಲಿ ಲೇಔಟಿನವರಿಗಾಗಿ ಆ ಕೆಂಪು ಕಲ್ಲಿನ ಮೊರಂ ಅಗೆಯುತ್ತಿದ್ದೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡುತ್ತೇನೆ, ಮಷೀನಿನ ನೆರಳಲ್ಲಿ ನಲವತ್ತು ಕುರಿ ಮಲಗಿವೆ. ಅಗೆಯುವ ಬಕೆಟ್ಟಿನೊಳಗೆ ಒಬ್ಬ ಮುದುಕಿ ಕಾಲು ಚಾಚಿ ಕುಳಿತು ರೊಟ್ಟಿ ತಿನ್ನುತ್ತಿದ್ದಾಳೆ.

"ಆಯಿ, ಏಳು. ಕೆಲಸ ನಿಂತದ."

"ನಿಂದರ್ಲಿ. ನಾ ಉಣ್ಲತೇನಿ."

"ಅದು ಕುಂದರೋ ಜಾಗಾ ಅಲ್ಲ. ಮಷೀನದ ಬಾಯಿ ಅದು."

"ಬಾಯಿ ಅಂತ ಗೊತ್ತಾಗೇ ಕುಂತೇನಿ. ಹಲ್ಲ್ ಎಣಸ್ಲತೇನಿ. ಐದೇ ಅವ, ನನಕಿಂತ ಒಂದ್ ಹೆಚ್ಚ. ಇಷ್ಟರಾಗ ಇಡೀ ಗುಡ್ಡಾ ತಿನ್ಲತದಲ್ಲೋ ನಿನ್ನ ಆನಿ! ಇದಕ್ಕ ಅಜೀರ್ಣ ಆಗಲ್ಲೇನು?"

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅವಳು ರೊಟ್ಟಿ ಮುಗಿಸಿ, ಕೈ ಜಾಡಿಸಿ, "ಬಾ ಇಲ್ಲಿ" ಎಂದು ನನ್ನನ್ನು ಗುಡ್ಡ ಇಳಿಸಿಕೊಂಡು ಹೋದಳು. ಝರಾದ ಬಾಯಿಯಲ್ಲಿ ಬೊಗಸೆ ಹಿಡಿಸಿದಳು. ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

"ಇದು ಎಲ್ಲಿಂದ ಬರ್ತದ?"

"ಕಲ್ಲಿನಾಗಿಂದ."

"ಆ ಕಲ್ಲೇ ನೀ ಲಾರಿಗಿ ತುಂಬ್ಲತಿ."

ಇಷ್ಟೇ ಅಂದಳು, ಕುರಿ ಹೊಡೆದುಕೊಂಡು ಹೋದಳು. ಅವತ್ತೇ ನಾನು ಕೆಲಸ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೂ ಎಂಟು ದಿನ ಅಗೆದೆ. ಆದರೆ ದಿನಾ ಮಧ್ಯಾಹ್ನ ಇಳಿದು ಆ ಝರಾದ ನೀರೇ ಕುಡಿದು ಬರುತ್ತಿದ್ದೆ. ಒಂಬತ್ತನೇ ದಿನ ಲೇಔಟಿನವರಿಗೆ ಬೇರೆ ಮಷೀನು ನೋಡಿಕೊಳ್ಳಿರಿ ಎಂದೆ.

ಅವರು ಬೇರೆಯವರನ್ನು ತರುವಷ್ಟರಲ್ಲಿ ಗೌತಮ ಸರ್ ಅರ್ಜಿ ಬರೆದಿದ್ದರು. ಗೌತಮ ಸರ್ ಭಾಲ್ಕಿಯ ಕಚೇರಿಯೊಂದರಲ್ಲಿ ನೌಕರಿ ಮುಗಿಸಿ ಊರಿಗೆ ಬಂದವರು, ಬುದ್ಧ ವಿಹಾರದ ಓಣಿಯವರು. ಮಾತು ಕಮ್ಮಿ, ಅಕ್ಷರ ಮುತ್ತಿನಂಥವು. ಅವರು ಬರೆದರು, ಆಯಿ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಮಾಡಿದೆ. ನಮ್ಮ ಹಿಂದೆ ಇಡೀ ಊರು ಸಹಿ ಮಾಡಿತು. ಆರು ತಿಂಗಳು ಓಡಾಡಿದ ಮೇಲೆ ಗುಡ್ಡ ಅಗೆಯುವುದು ನಿಂತಿತು. ಅವತ್ತಿನಿಂದ ವಿಹಾರದ ಕಟ್ಟೆಯೇ ನಮ್ಮ ಹಳ್ಳದ ಕಮಿಟಿಯ ಜಾಗವಾಯಿತು. ಆಯಿ ಅಲ್ಲಿಗೆ ಕುರಿ ಸಮೇತ ಬರುತ್ತಿದ್ದಳು. ಸರ್ ಹಿಕ್ಕೆ ಗುಡಿಸುತ್ತಲೇ ಸಭೆ ನಡೆಸುತ್ತಿದ್ದರು.

ಒಡ್ಡಿನ ಕೆಲಸವೆಲ್ಲ ಕೈಯಿಂದಲೇ ಆಯಿತು. "ನಿನ್ನ ಆನಿ ಊರಾಗೇ ಇರ್ಲಿ" ಎಂದು ಆಯಿ ನನ್ನ ಕೈಗೆ ಹಾರೆ ಕೊಟ್ಟಳು. ಅವಳ ಕೆಲಸದ ರೀತಿ ಒಂದೇ: ಮೇಲಿನಿಂದ ಕೆಳಗೆ ಬರಬೇಕು. ನೆತ್ತಿಯಲ್ಲಿ ನೀರಿನ್ನೂ ಎಳೆ ಎಳೆಯಾಗಿ ಇರುವಾಗಲೇ ಮೊಣಕಾಲೆತ್ತರದ ಒಡ್ಡು ಸಾಕು, ಕೆಳಗೆ ಬಂದ ಮೇಲೆ ಆಳೆತ್ತರ ಕಟ್ಟಿದರೂ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ನಾವು ಅವಸರ ಮಾಡಿ ಕೆಳಗೆ ಕಟ್ಟಿದ ಎರಡು ಒಡ್ಡು ಮೊದಲ ಮಳೆಗೇ ಕೊಚ್ಚಿ ಹೋದವು. ಆಯಿ ಸೊಂಟಕ್ಕೆ ಕೈ ಇಟ್ಟು ನಿಂತು, "ಬರೋಬರ್ ಆತು. ಈಗ ಮ್ಯಾಲ ನಡೀರಿ ಗಂಡಸ್ರು" ಅಂದಳು. ಎರಡು ಮಳೆಗಾಲ ಕಲ್ಲು ಹೊತ್ತೆವು. ಮೂರನೇ ವರ್ಷ, ಹೋಳಿ ಹುಣ್ಣಿಮೆಗೇ ಬತ್ತುತ್ತಿದ್ದ ಝರಾ ಯುಗಾದಿ ದಾಟಿತು. ಬಾವಿಗೆ ಇಳಿಸಿದ ಹಗ್ಗ ಅರ್ಧ ಮಿಗತೊಡಗಿತು.

ಸುದ್ದಿ ಹಬ್ಬಿತು. ಬೀದರದಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದು, ಇದು ಯಾವ ಯೋಜನೆ ಎಂದು ಕೇಳಿದರು. ಆಯಿ ಅಂದಳು, "ಸಾಹೇಬ್ರ, ಮೊದಲ ಬೂಟ್ ಬಿಚ್ರಿ." ಅವರು ಕಕ್ಕಾಬಿಕ್ಕಿಯಾಗಿ ಬಿಚ್ಚಿದರು. ಕೈ ಹಿಡಿದು ಝರಾದ ಬಾಯಿಯಲ್ಲಿ ನಿಲ್ಲಿಸಿದಳು. "ಹ್ಯಾಂಗದ್ರಿ?" "ಥಂಡಿ ಅದಮ್ಮ." "ಇದೇ ಯೋಜನಾ. ಬರಕೋರಿ." ಸಾಹೇಬರು ನಕ್ಕರು, ನಾವೆಲ್ಲ ನಕ್ಕೆವು. ನಮ್ಮ ಊರು ಅಷ್ಟು ಮನಸಾರೆ ನಕ್ಕದ್ದು ಅದೇ ಕೊನೆ ಇರಬೇಕು.

ಯಾಕೆಂದರೆ ಹೊಗಳಿಕೆಯಿಂದಲೇ ನಮಗೆ ಕೇಡು ಬಂತು. ಸಣ್ಣ ಮಡುವಿನಿಂದಲೇ ಇಷ್ಟು ನೀರು, ದೊಡ್ಡದು ಮಾಡಿದರೆ ಎಷ್ಟಾದೀತು ಎಂದು ಊರವರಿಗೆ ಅನ್ನಿಸಿತು. ಆಳ ಮಾಡೋಣ, ಆಳು ಮುಳುಗುವಷ್ಟು ಮಾಡೋಣ. ಯಾರೋ ಡೀಸೆಲ್ ಕೊಡುತ್ತೇನೆಂದರು. ಇನ್ಯಾರೋ ನನ್ನ ಹೆಸರು ಹಾಕಿ ಬ್ಯಾನರ್ ಬರೆಸಿದರು.

ಸಭೆಯಲ್ಲಿ ಆಯಿ ಒಬ್ಬಳೇ ಬೇಡ ಅಂದಳು. "ಮಡುವಿನ ಕೆಳಗ ಬಿಳಿ ಜಿಗಟ ಮಣ್ಣ ಅದ. ಅದು ಹಳ್ಳದ ತೊಗಲು. ಅದರ ಮ್ಯಾಲೇ ನೀರ್ ಕುಂತದ. ಅದಕ್ಕ ಕೈ ಹಚ್ಚಬ್ಯಾಡ್ರಿ."

"ಆಯಿ, ಯಾವ ಪುಸ್ತಕದಾಗ ಓದಿದಿ?" ಎಂದು ಒಬ್ಬ ಕೇಳಿದ.

"ನಮ್ಮಪ್ಪನ ಕಾಲದಾಗ ಸತ್ತ ಕುರಿ ಹುಗೀಲಿಕ್ಕ ಅಲ್ಲೇ ಪಕ್ಕಕ್ಕ ಕುಣಿ ತೋಡಿದ್ರು. ಬಿಳಿ ಮಣ್ಣ ಹರಿದ ಕೂಡ್ಲೆ ಕುಣ್ಯಾಗಿನ ನೀರ್ ಸರ್ರ್ ಅಂತ ಇಳದ್ಹೋತು. ನಾ ಕಣ್ಣಿಲೆ ನೋಡೇನಿ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಮಡುವಿನ ನಾಲ್ಕೂ ಕಡೆ ಕರಿ ದಾರದ ಕಟ್ಟಿಗೆ ನಿಂತಿದ್ದವು.

ಬೇಸಿಗೆಯಲ್ಲಿ ಅವಳು ಕುರಿ ಹೊಡೆದುಕೊಂಡು ಸಾಯಗಾಂವ ಕಡೆ ಹೋಗುವುದು ರೂಢಿ. ಅಲ್ಲಿ ಖಾಲಿ ಹೊಲಗಳಲ್ಲಿ ಗೊಬ್ಬರಕ್ಕಾಗಿ ಹಿಂಡು ಕೂಡಿಸುತ್ತಿದ್ದಳು. ಹೊರಡುವ ಮುಂಜಾನೆ ನಮ್ಮ ಮನೆ ಮುಂದೆ ನಿಂತಳು.

"ಶಿವರಾಜ, ನಾ ಬರೋತನಕ ಮಡುವಿನ ಕಡಿ ನಿನ್ನ ಆನಿ ಒಯ್ಯಬ್ಯಾಡ."

"ಇಲ್ಲ ಆಯಿ. ಫಿಕರ್ ಮಾಡಬ್ಯಾಡ."

ಹದಿನೈದು ದಿನ ಮಾತು ಉಳಿಸಿಕೊಂಡೆ. ಆಮೇಲೆ ಉಳಿಸಿಕೊಳ್ಳಲಿಲ್ಲ. ಊರು ಜೋರು ಮಾಡಿತು ಎನ್ನಬಹುದು, ಡೀಸೆಲ್ ಬಂದಿತ್ತು ಎನ್ನಬಹುದು. ಖರೆ ಮಾತೆಂದರೆ ನನಗೇ ಆಸೆ ಇತ್ತು. ಆಯಿ ಮಳೆಗಾಲಕ್ಕೆ ಬಂದು ನೋಡಬೇಕು, ಆಳು ಮುಳುಗುವ ನೀರು ನಿಂತಿರಬೇಕು, 'ಶಿವರಾಜ, ನಿನ್ನ ಆನಿ ಕಡಿಗೂ ಛಲೋ ಕೆಲಸ ಮಾಡ್ತು' ಅನ್ನಬೇಕು. ಅವಳ ಬಾಯಿಂದ ಒಂದು ಶಹಬ್ಬಾಸ್ ಬೇಕಾಗಿತ್ತು ನನಗೆ.

ಮೊದಲು ಮೋಟಾರು ಹಚ್ಚಿ ಮಡುವಿನ ನೀರು ಹೊರಗೆ ಹಾಕಿದೆವು. ಬಿರು ಬೇಸಿಗೆಯಲ್ಲಿ ಮೊಣಕಾಲುದ್ದ ನಿಂತಿದ್ದ ನೀರನ್ನು ನಾವೇ ಚೆಲ್ಲಿದೆವು. ಕರಿ ದಾರದ ಕಟ್ಟಿಗೆಗಳನ್ನು ನನ್ನ ಕೈಯಾರೆ ಕಿತ್ತು ಕ್ಯಾಬಿನ್ನಿನಲ್ಲಿ ಇಟ್ಟೆ. ಅಗೆಯತೊಡಗಿದೆ. ಮೂರು ಫೂಟಿಗೆ ಬಿಳಿ ಮಣ್ಣು ಬಂತು. ಬೆಣ್ಣೆಯ ಹಾಗೆ ಬಕೆಟ್ಟಿಗೆ ಅಂಟುತ್ತಿತ್ತು.

ದಂಡೆಯ ಮೇಲಿಂದ ಗೌತಮ ಸರ್ ಕೈ ಎತ್ತಿದರು. "ಶಿವರಾಜ, ಬಿಳಿ ಮಣ್ಣ ಬಂತು. ಸಾಕು, ನಿಲ್ಸು."

ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರು. "ಇನ್ನೆರಡ ಫೂಟ್ ಅಣ್ಣಾ! ಎರಡೇ ಫೂಟ್!"

ನಾನು ಕ್ಯಾಬಿನ್ನಿನಿಂದಲೇ ಕೂಗಿದೆ, "ಸರ್, ನೀವು ಪೆನ್ನ ಹಿಡದವ್ರು. ಮಷೀನದ ಮಾತ ನನಗ ಬಿಡ್ರಿ."

ಜನ ಸಿಳ್ಳೆ ಹೊಡೆದರು. ಸರ್ ಕೈ ಇಳಿಸಿದರು.

ಐದನೇ ಫೂಟಿಗೆ ಬಕೆಟ್ಟಿನ ಸಪ್ಪಳ ಬದಲಾಯಿತು. ಮೆತ್ತಗೆ ಬರುತ್ತಿದ್ದದ್ದು ಕರಕರ ಎಂದಿತು. ಬಿಳಿ ಮಣ್ಣು ಹರಿದಿತ್ತು. ಅದರ ಕೆಳಗೆ ಹಳದಿ ಕೊಳೆತ ಕಲ್ಲು, ಬೆರಳು ತೂರುವಷ್ಟು ಬಿರುಕು. ಗುಂಡಿಯ ಒಂದು ಮೂಲೆಯಲ್ಲಿ ಝರಾದಿಂದ ಒಸರಿದ ಸ್ವಲ್ಪ ನೀರು ನಿಂತಿತ್ತು, ಅದು ನನ್ನ ಕಣ್ಣೆದುರೇ ಸುಮ್ಮನೆ ಇಳಿದು ಹೋಯಿತು. ಮೇಲೆ ನಿಂತವರಿಗೆ ಅದು ಕಾಣಲಿಲ್ಲ, ಕ್ಯಾಬಿನ್ನಿನಿಂದ ನನಗೆ ಕಂಡಿತ್ತು. ಇಳಿದು ಬಂದೆ. ಒಬ್ಬರು ಬಾಯಿಗೆ ಪೇಢೆ ಹಾಕಿದರು. ನುಂಗಿದೆ. ಯಾರಿಗೂ ಏನೂ ಹೇಳಲಿಲ್ಲ.

ಮೊದಲ ದೊಡ್ಡ ಮಳೆಗೆ ಮಡು ಕಂಠದವರೆಗೆ ತುಂಬಿತು. ಊರು ಬಾಗಿನ ಬಿಟ್ಟಿತು, ಕಾಯಿ ಒಡೆಯಿತು. ನಾಲ್ಕನೇ ದಿನಕ್ಕೆ ತಳದಲ್ಲಿ ಬರೀ ಕಾಯಿಯ ಚಿಪ್ಪು ಬಿದ್ದಿದ್ದವು. ಝರಾದ ನೀರು ಸಣ್ಣಗೆ ಗುಂಡಿಗೆ ಬೀಳುತ್ತಿತ್ತು, ಬಿದ್ದಲ್ಲೇ ಕಾಣೆಯಾಗುತ್ತಿತ್ತು.

ಆಯಿ ಬಂದದ್ದು ಅದೇ ವಾರ. ಮನೆಗೆ ಹೋಗದೆ ನೇರ ಹಳ್ಳಕ್ಕೆ ಬಂದಿದ್ದಳು. ಸುದ್ದಿ ತಿಳಿದು ನಾನು ಓಡಿದೆ. ಅವಳು ಗುಂಡಿಗೆ ಇಳಿದು, ಹರಿದ ಬಿಳಿ ಮಣ್ಣಿನ ಅಂಚನ್ನು ಅಂಗೈಯಿಂದ ಸವರುತ್ತಿದ್ದಳು. ಬೈಗುಳಕ್ಕೆ ತಯಾರಾಗಿ ನಿಂತೆ. ಬೈದಿದ್ದರೆ ಛಲೋ ಇತ್ತು.

"ಎಷ್ಟ ಹೊತ್ತ ಹಿಡೀತು?" ಅಂದಳು.

"ಏನು ಆಯಿ?"

"ಇದು ಹರೀಲಿಕ್ಕ."

"ಅರ್ಧಾ ತಾಸು."

"ಅರ್ಧಾ ತಾಸು," ಅಂದಳು.

ಮರುದಿನ ಅವಳೇ ದಾರಿ ಹೇಳಿದಳು. ನಾನು ಅಗೆದು ಒಟ್ಟಿದ್ದ ಬಿಳಿ ಮಣ್ಣನ್ನೇ ಮತ್ತೆ ಗುಂಡಿಗೆ ಹರವಿ, ನೀರು ಬಿಟ್ಟು, ಕುರಿಗಳಿಂದ ತುಳಿಸಬೇಕು. ಸಣ್ಣ ಗೊರಸಿನ ತುಳಿತಕ್ಕೆ ಮಣ್ಣು ಕೂಡುತ್ತದಂತೆ, ಮಷೀನಿನ ಗಾಲಿಗೆ ಕೂಡುವುದಿಲ್ಲವಂತೆ. ಹನ್ನೊಂದು ದಿನ ತುಳಿಸಿದಳು. ಕುರಿಗಳು ಇಳಿಯಲು ಒಲ್ಲೆ ಎನ್ನುತ್ತಿದ್ದವು. ಆಯಿ ಮುಂದೆ ಬೇವಿನ ಸೊಪ್ಪು ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಕರೆಯುವಳು, ನಾನೂ ಗೌತಮ ಸರೂ ಹಿಂದಿನಿಂದ ದಬ್ಬುವೆವು. ಸರ್ ಧೋತರ ಎತ್ತಿ ಕಟ್ಟಿ ಕೆಸರಿಗೆ ಇಳಿದಿದ್ದರು, ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಐದನೇ ದಿನಕ್ಕೆ ಕುರಿಗಳ ಗೊರಸಿನ ಸಂದು ಒಡೆದು ಕೆಂಪಾಯಿತು. ಏಳನೇ ದಿನ ಒಂದು ಮರಿ ಹೂತು ಕಾಲು ಮುರಿದುಕೊಂಡಿತು. ಊರಿನಿಂದ ಬೇರೆ ಯಾರೂ ಕೈ ಹಚ್ಚಲು ಬರಲಿಲ್ಲ, ನೋಡಲು ಬಂದರು.

ನೀರು ಸ್ವಲ್ಪ ನಿಂತಿತು. ಮೀನಖಂಡದವರೆಗೆ. ದಸರೆಗೆ ಅದೂ ಇಳಿಯಿತು. ಸಂಕ್ರಾಂತಿಗೆ ಝರಾದ ಬಾಯಿ ಒಣಗಿತು, ಅದರ ಹಿಂದೆ ಬಾವಿಗಳು ಕೆಳಗೆ ಹೋದವು. ಊರಿಗೆ ಟ್ಯಾಂಕರ್ ಬಂತು.

ಆಗ ಜನಕ್ಕೆ ತಪ್ಪು ಹೊರಿಸಲು ಒಬ್ಬರು ಬೇಕಾಯಿತು. ವಿಹಾರದ ಕಟ್ಟೆಯ ಸಭೆಯಲ್ಲಿ, ಹಿಂದೆ ಸಿಳ್ಳೆ ಹೊಡೆದಿದ್ದವನೇ ಎದ್ದು ನಿಂತ. "ಮಷೀನಿಲೆ ಹಡ್ಡಿದ್ದಕ್ಕ ಏನೂ ಆಗಿದ್ದಿಲ್ರಿ. ಈ ಆಯಿ ಕುರಿ ಹೊಗಿಸಿ ತುಳಿಸಿದಳು ನೋಡ್ರಿ, ಆಗ ಝರಾದ ಕಣ್ಣ ಮುಚ್ಚಿತು."

ಹೌದು ಹೌದು ಎಂದರು ನಾಲ್ಕು ಜನ. ಮತ್ತೆ ಹತ್ತು ಜನ. ಗೌತಮ ಸರ್ ಎದ್ದು, "ಹಡ್ಡಿದವ್ರು ನಾವು. ಆಕಿ ಆ ತೂತ ಮುಚ್ಚಲಿಕ್ಕ ನೋಡಿದಳು" ಎಂದರು. ಅವರ ದನಿ ಗದ್ದಲದಲ್ಲಿ ಮುಳುಗಿತು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಮಷೀನಿನ ಮಾತು ನನ್ನದಲ್ಲವೇ. ಗುಂಡಿಯ ಮೂಲೆಯ ನೀರು ಇಳಿದದ್ದನ್ನು ಕಂಡವನು ನಾನೊಬ್ಬನೇ. ನಾನು ನೆಲ ನೋಡುತ್ತ ಕುಳಿತೆ. ಆಯಿ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು, "ಉಣ್ಣೋ ಹೊತ್ತಾತು, ಏಳ್ರಿ" ಅಂದಳು. ಸಭೆ ಮುಗಿಯಿತು.

ಆ ಬೇಸಿಗೆಯಲ್ಲಿ ಅವಳು ಸಾಯಗಾಂವಕ್ಕೆ ಹೋಗಲಿಲ್ಲ. ಕುರಿ ಕೊಟ್ಟುಬಿಟ್ಟು ಔರಾದಿನ ಮಗಳ ಮನೆಗೆ ಹೋದಳು. ಹೋಗುವಾಗ ನಮ್ಮ ಮನೆ ಮುಂದೆ ನಿಲ್ಲಲಿಲ್ಲ.

ಎರಡು ವರ್ಷದ ಮೇಲೆ ಔರಾದ ಕಡೆಯ ಒಂದು ಹಳ್ಳಿಯವರು ನನ್ನನ್ನು ಕರೆಸಿದರು. ನಾಲೆ ಆಳ ಮಾಡಬೇಕಂತೆ. ಮಷೀನು ಮುಂದೆ ಕಳಿಸಿ ನಾನು ಬಸ್ಸಿನಲ್ಲಿ ಹೋದೆ. ಔರಾದ ಬಸ್‌ಸ್ಟ್ಯಾಂಡಿನ ಎದುರು ಆಯಿಯ ಮಗಳದ್ದು ಬಳೆ ಅಂಗಡಿ. ಅದರ ಕಟ್ಟೆಯ ಮೇಲೆ ಆಯಿ ಕುಳಿತಿದ್ದಳು. ಮೈ ಅರ್ಧ ಆಗಿತ್ತು. ನನ್ನ ಗುರುತು ಕೂಡಲೇ ಹಿಡಿದಳು.

"ಬಂದೇನೋ ಆನಿ ಶಿವರಾಜ. ನಿನ್ನ ಆನಿ ಎಲ್ಲದ?"

"ಮುಂದ ಹೋಗ್ಯದ ಆಯಿ." ಅವಳ ಪಕ್ಕ ಕುಳಿತೆ. ಮಗಳು ಚಹಾ ತಂದಳು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಹೇಳಿದೆ. "ಆಯಿ, ಅವತ್ತ ಸಭಾದಾಗ ನಾ ಮಾತಾಡಬೇಕಿತ್ತು."

"ಹೌದು," ಅಂದಳು. "ಮಾತಾಡಬೇಕಿತ್ತು."

ಹೋಗಲಿ ಬಿಡು ಎನ್ನುತ್ತಾಳೆ ಎಂದು ಕಾದೆ. ಅವಳು ಬಸ್ಸುಗಳ ಕಡೆ ನೋಡುತ್ತ ಚಹಾ ಕುಡಿದಳು.

ನಾಲೆಯ ಕೆಲಸದ ಮಾತು ತೆಗೆದೆ. "ನೀನೂ ಬಾ ಆಯಿ. ಕ್ಯಾಬಿನ್ನಾಗ ಕುಂದರ್ಸಿ ಒಯ್ತೇನಿ. ಎಲ್ಲಿತನಕ ಹಡ್ಡಬೇಕು, ನೀ ಹೇಳು. ನೀ ನಿಲ್ಸು ಅಂದಲ್ಲಿ ನಿಲ್ಲಸ್ತೇನಿ."

ಅವಳು ಚಹಾದ ಬಟ್ಟಲು ಕೆಳಗಿಟ್ಟಳು. "ಆ ನೆಲಾ ನನಗೇನ್ ಗೊತ್ತೋ? ನಾ ಏನು ದೇವರೇನು? ನನಗ ಗೊತ್ತಿದ್ದದ್ದು ಒಂದೇ ಹಳ್ಳ. ಅಲ್ಲಿ ಕುರಿ ಕಾಯೋರು ಇರ್ತಾರ, ಅವರಿಗಿ ಕೇಳು. ಕೇಳಿ, ಅವರು ಹೇಳಿದ್ದು ಕೇಳು."

ಹೋದೆ. ನಾಲೆಯ ದಂಡೆಯಲ್ಲಿ ಪೆಂಡಾಲು ಹಾಕಿದ್ದರು, ಹೂವಿನ ಹಾರ ತಂದಿದ್ದರು. ನಾನು ಮಷೀನು ಹತ್ತದೆ ಕೇಳಿದೆ, "ಇಲ್ಲಿ ಕುರಿ ಕಾಯೋರು ಯಾರರ ಅದಾರೇನ್ರಿ?"

ಅವರು ಮುಖ ಮುಖ ನೋಡಿಕೊಂಡರು. ಒಬ್ಬರು ನಕ್ಕರು. "ಕುರಿ? ಈಗ ಯಾರ್ ಕಾಯ್ತಾರ್ರಿ ಕುರಿ? ಎಲ್ಲಾರೂ ಬಿಟ್ಟು ಹೈದರಾಬಾದಿಗಿ ಕೆಲಸಕ್ಕ ಹೋದ್ರು. ಯಾಕ, ಊಟಕ್ಕ ಕುರಿ ಬೇಕಿತ್ತೇನ್ರಿ?"

ಜನ ನಕ್ಕರು. ನಾನು ಮಷೀನು ಹತ್ತಿದೆ. ಒಂದೊಂದು ಬಕೆಟ್ಟಿಗೂ ಇಳಿದು ಮಣ್ಣು ಮುಟ್ಟಿ ನೋಡಿದೆ. ಇವನಿಗೆ ಕೆಲಸ ಬರುವುದಿಲ್ಲ ಎಂದು ಒಬ್ಬ ಅಂದದ್ದು ಕೇಳಿಸಿತು. ಮೂರು ಫೂಟಿಗೆ ಮಣ್ಣಿನ ಬಣ್ಣ ಸ್ವಲ್ಪ ಬದಲಾದಂತೆ ಕಂಡಿತು. ಬಿಳಿಯಲ್ಲ, ಬೂದಿಯಂತೆ. ಅಲ್ಲಿಗೆ ನಿಲ್ಲಿಸಿದೆ. ಇನ್ನೆರಡು ಫೂಟು ಎಂದು ಅವರೂ ಕೂಗಿದರು. ಆಗಲ್ಲ ಎಂದೆ. ಹಾರ ಹಾಕದೆ ಕಳಿಸಿದರು.

ಅದು ಸರಿ ಮಾಡಿದೆನೋ, ಅಂಜಿ ಕೆಲಸ ಅರ್ಧಕ್ಕೆ ಬಿಟ್ಟೆನೋ ನನಗೆ ತಿಳಿಯಲಿಲ್ಲ. ಆಯಿಗೆ ತೋರಿಸಿ ಕೇಳೋಣವೆಂದು ಆ ಬೂದಿ ಮಣ್ಣಿನ ಒಂದು ಹೆಂಟೆ ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಬೇರೆ ಕೆಲಸ ಮುಗಿಸಿ ಮತ್ತೆ ಔರಾದಿಗೆ ಬರಲು ಒಂದು ತಿಂಗಳು ಹಿಡಿಯಿತು.

ಬಳೆ ಅಂಗಡಿಯ ಕಟ್ಟೆ ಖಾಲಿ ಇತ್ತು. ಮಗಳು ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಯಿ ಹೋಗಿ ಹದಿಮೂರು ದಿನ ಆಗಿತ್ತಂತೆ. ಜ್ವರ ಬಂದು ಎರಡೇ ದಿನ ಮಲಗಿದ್ದಳಂತೆ. ಊರಿಗೆ ಹೇಳಿ ಕಳಿಸುವುದು ಬೇಡ ಅಂದಿದ್ದಳಂತೆ.

ನನ್ನ ಕರವಸ್ತ್ರದ ಗಂಟು ಕೈಯಲ್ಲೇ ಇತ್ತು.

"ಅವ್ವಗ ಏನರ ಹೇಳೂದಿತ್ತೇನ್ರಿ ಅಣ್ಣಾ?" ಎಂದು ಮಗಳು ಕೇಳಿದಳು.

"ಇಲ್ಲವ್ವ," ಎಂದೆ. "ಕೇಳೂದಿತ್ತು."